ಮುಟುರು ರೋಗದ ಜಾಲ: ಕೋಷ್ಟಕ ಕೈ ಮೀರಿದಾಗ

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿಯ ಎಲೆ ಮುಟುರು ರೋಗಕ್ಕೆ ಜೀನಿ (GeNIe) ಸಾಫ್ಟ್‌ವೇರ್‌ನಲ್ಲಿ ಬೇಸಿಯನ್ ನೆಟ್‌ವರ್ಕ್ (ಕಾರಣ, ಪರಿಣಾಮಗಳನ್ನು ಬಾಣಗಳಿಂದ ಜೋಡಿಸಿ ಸಂಭವ ಲೆಕ್ಕ ಹಾಕುವ ಜಾಲ) ಕಟ್ಟುತ್ತಿದ್ದೇನೆ. ‘ಮುಟುರು’ ನೋಡ್‌ಗೆ ಇಲ್ಲ, ಸಾಧಾರಣ, ತೀವ್ರ ಎಂಬ ಮೂರು ಸ್ಥಿತಿ. ಅದರ ಪೇರೆಂಟ್‌ಗಳು (ಅದಕ್ಕೆ ಬಾಣ ಕಳಿಸುವ ಕಾರಣದ ನೋಡ್‌ಗಳು) ಥ್ರಿಪ್ಸ್ ನುಸಿ, ಮೈಟ್ ನುಸಿ (ತಲಾ ಮೂರು ಸ್ಥಿತಿ: ಇಲ್ಲ, ಕಡಿಮೆ, ಹೆಚ್ಚು) ಮತ್ತು ಬಿಳಿ ನೊಣ (ಎರಡು). ಎಕ್ಸೆಲ್‌ನಿಂದ ಅದರ ಸಂಭವ ಕೋಷ್ಟಕಕ್ಕೆ ಅಂಕಿ ಪೇಸ್ಟ್ ಮಾಡಿದರೆ ಮೊತ್ತ ಒಂದಾಗಿಲ್ಲ ಎನ್ನುತ್ತದೆ. ನಾರ್ಮಲೈಜ್ ಒತ್ತಿದರೆ ರೈತರು ಹೇಳಿದ ಅಂಕಿಯೇ ಬದಲಾಗುತ್ತದೆ. ‘ಮಳೆ ಕೊರತೆ’ ಸೇರಿಸಿದ ಮೇಲಂತೂ ಕೋಷ್ಟಕ ತುಂಬಿ ಮುಗಿಯುತ್ತಲೇ ಇಲ್ಲ.
– ಕೃಷಿ ಎಂ.ಎಸ್ಸಿ. ವಿದ್ಯಾರ್ಥಿ, ಹಾವೇರಿ ಜಿಲ್ಲೆ

ಉತ್ತರ: ಮೊದಲು ಮೊತ್ತದ ತೊಂದರೆ ನೋಡೋಣ. ಜೀನಿಯಲ್ಲಿ ಪ್ರತಿ ಕಾಲಮ್ ಪೇರೆಂಟ್‌ಗಳ ಒಂದು ಸಂಯೋಜನೆ, ಪ್ರತಿ ಸಾಲು ಮುಟುರಿನ ಒಂದು ಸ್ಥಿತಿ. ಕಾಲಮ್ ಕೂಡಿದರೆ 1 ಬರಲೇಬೇಕು. ನಿಮ್ಮ ಒಂದು ಕಾಲಮ್‌ನಲ್ಲಿ 0.70, 0.20, 0.20 ಇದೆ ಎಂದುಕೊಳ್ಳಿ, ಮೊತ್ತ 1.10. ನಾರ್ಮಲೈಜ್ ಮೂರನ್ನೂ 1.10ರಿಂದ ಭಾಗಿಸಿ 0.636, 0.182, 0.182 ಮಾಡುತ್ತದೆ. ರೈತರು ಖಚಿತವಾಗಿ ಹೇಳಿದ 0.70 ಅಲ್ಲೇ ಹೋಯಿತು. ಅದರ ಬದಲು, ನಿಮಗೆ ಅತಿ ಕಡಿಮೆ ನಂಬಿಕೆ ಇರುವ ಕೋಶವನ್ನು ಆರಿಸಿ ಕಾಂಪ್ಲಿಮೆಂಟ್ ಒತ್ತಿ. ಉಳಿದೆರಡು ಹಾಗೇ ಉಳಿದು, ಆ ಕೋಶಕ್ಕೆ 0.10 ಬರುತ್ತದೆ. ನಾರ್ಮಲೈಜ್ ಬಳಸಬೇಕಾದದ್ದು ಗಿಡಗಳ ಎಣಿಕೆಯನ್ನು ನೇರವಾಗಿ ತುಂಬಿದಾಗ, ಉದಾಹರಣೆಗೆ 14, 4, 2. ಎಕ್ಸೆಲ್‌ನಲ್ಲಿ 0.33 ಮೂರು ಸಲ ಬರೆದು 0.99 ಆಗಿದ್ದರೆ ಒಂದನ್ನು 0.34 ಮಾಡಿದರೆ ಸಾಕು.

ಇದಕ್ಕಿಂತ ದೊಡ್ಡ ತಪ್ಪೊಂದನ್ನು ಸಾಫ್ಟ್‌ವೇರ್ ಹಿಡಿಯುವುದೇ ಇಲ್ಲ. ‘ಮುಟುರಿದ ಹತ್ತು ಗಿಡದಲ್ಲಿ ಎಂಟರಲ್ಲಿ ಥ್ರಿಪ್ಸ್ ಇತ್ರಿ’ ಎಂದು ರೈತರು ಹೇಳುತ್ತಾರೆ, ನಾವು 0.80 ಎಂದು ಬರೆದುಬಿಡುತ್ತೇವೆ. ಅದು ಮುಟುರು ಇದ್ದಾಗ ಥ್ರಿಪ್ಸ್ ಇರುವ ಸಂಭವ. ಕೋಷ್ಟಕ ಕೇಳುವುದು ಥ್ರಿಪ್ಸ್ ಇದ್ದಾಗ ಮುಟುರುವ ಸಂಭವ. ನೂರು ಗಿಡದಲ್ಲಿ 20 ಮುಟುರಿವೆ, ಆ 20ರಲ್ಲಿ 16ಕ್ಕೆ ಥ್ರಿಪ್ಸ್ ಇದೆ, ಒಟ್ಟು ಥ್ರಿಪ್ಸ್ ಇರುವ ಗಿಡ 40 ಎಂದಿಟ್ಟುಕೊಳ್ಳಿ. ಆಗ ಕೋಷ್ಟಕಕ್ಕೆ ಹೋಗಬೇಕಾದ ಅಂಕಿ 16/40, ಅಂದರೆ 0.40. ಆದ್ದರಿಂದ ಹೊಲದಲ್ಲಿ ಪ್ರಶ್ನೆ ಹೀಗಿರಲಿ: ‘ಥ್ರಿಪ್ಸ್ ಹೆಚ್ಚಿದೆ, ಮೈಟ್ ಇಲ್ಲ, ಬಿಳಿ ನೊಣ ಇಲ್ಲ, ಅಂಥ ನೂರು ಗಿಡದಲ್ಲಿ ಎಷ್ಟು ಮುಟುರತಾವ?’

ಈಗ ಮಳೆ ಕೊರತೆ. ಮೊದಲಿದ್ದದ್ದು 3×3×2, ಅಂದರೆ 18 ಕಾಲಮ್. ಎರಡು ಸ್ಥಿತಿಯ ಈ ನೋಡ್‌ನಿಂದ ಅದು 36 ಆಯಿತು: 108 ಕೋಶ, ಅದರಲ್ಲಿ ನೀವೇ ನಿರ್ಧರಿಸಬೇಕಾದದ್ದು 72 (ಪ್ರತಿ ಕಾಲಮ್‌ನ ಮೂರನೆಯ ಅಂಕಿ ಮೊತ್ತದಿಂದ ತಾನೇ ಬರುತ್ತದೆ). ಆದರೆ ಆ ಬಾಣ ಅಲ್ಲಿಗೆ ಸೇರಿದ್ದೇ ಅಲ್ಲ. ಮಳೆಯನ್ನು ಅನುಸರಿಸಿ ಥ್ರಿಪ್ಸ್, ಮೈಟ್ ಹೆಚ್ಚು ಕಡಿಮೆ ಆಗುತ್ತವೆ, ಅವು ರಸ ಹೀರಿದ್ದಕ್ಕೆ ಎಲೆ ಮುಟುರುತ್ತದೆ. ಮಳೆ ಕೊರತೆಯ ಬಾಣವನ್ನು ಈ ಎರಡು ನುಸಿಗಳ ನೋಡ್‌ಗೆ ಎಳೆಯಿರಿ. ಅವುಗಳ ಕೋಷ್ಟಕ ತಲಾ ಎರಡೇ ಕಾಲಮ್, ಮುಟುರು ಮತ್ತೆ 18ಕ್ಕೆ ಇಳಿಯುತ್ತದೆ. ಬಾಣ ತೆಗೆಯುವಾಗ ಕೋಷ್ಟಕದ ಕಾಲಮ್‌ಗಳು ಹೋಗುತ್ತವೆ, ಹಾಗಾಗಿ ಮೊದಲು ಫೈಲನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿ. ಸ್ಥಿತಿಗಳು, ಅವುಗಳ ಕ್ರಮ, ಬಾಣಗಳು ಗಟ್ಟಿಯಾಗುವವರೆಗೆ ಒಂದು ಅಂಕಿಯನ್ನೂ ತುಂಬಬೇಡಿ ಎಂದೇ ನನ್ನ ಒತ್ತಾಯ.

18 ಕಾಲಮ್ಮೂ ಹೆಚ್ಚೆನಿಸಿದರೆ ನೋಡ್‌ನ ಬಗೆಯನ್ನು ನಾಯ್ಸಿ-ಮ್ಯಾಕ್ಸ್‌ಗೆ (ಪ್ರತಿ ಕಾರಣದ ಅಂಕಿಯನ್ನು ಬೇರೆಬೇರೆ ಕೇಳಿ, ಉಳಿದ ಕೋಷ್ಟಕವನ್ನು ತಾನೇ ಲೆಕ್ಕ ಹಾಕುವ ಬಗೆ) ಬದಲಿಸಿ. ಮೂರು ಕಾರಣಗಳೂ ತಮ್ಮ ಪಾಡಿಗೆ ತಾವೇ ಮುಟುರು ತರಬಲ್ಲವಾದ್ದರಿಂದ ಇಲ್ಲಿ ಅದು ಹೊಂದುತ್ತದೆ. ಕೇಳಬೇಕಾದ ಅಂಕಿ 36ರಿಂದ 12ಕ್ಕೆ ಇಳಿಯುತ್ತದೆ. ಒಳಗಿನ ಲೆಕ್ಕವನ್ನು ಇದೆ/ಇಲ್ಲ ಎಂಬ ಎರಡೇ ಸ್ಥಿತಿ ಇಟ್ಟು ನೋಡಿ: ಥ್ರಿಪ್ಸ್‌ನಿಂದ 0.60, ಮೈಟ್‌ನಿಂದ 0.50, ನಾವು ಹೆಸರಿಸದ ಕಾರಣಗಳಿಂದ 0.05 (ಇದನ್ನು ಲೀಕ್ ಎನ್ನುತ್ತಾರೆ). ಮೂರೂ ತಪ್ಪಿಹೋಗುವ ಸಂಭವ 0.40×0.50×0.95 = 0.19, ಹಾಗಾಗಿ ಮುಟುರು 0.81. ಒಂದು ಎಚ್ಚರ: ಥ್ರಿಪ್ಸ್ ಮಾತ್ರ ಇದ್ದಾಗ ಈ ಲೆಕ್ಕದಲ್ಲಿ 0.62 ಬರುತ್ತದೆ, 0.60 ಅಲ್ಲ. ರೈತರು ಹೊಲದಲ್ಲಿ ಕಂಡು ಹೇಳುವ ಅಂಕಿಯಲ್ಲಿ ಲೀಕ್ ಆಗಲೇ ಸೇರಿರುತ್ತದೆ. ಅದನ್ನೇ ತುಂಬುವುದಾದರೆ ಲೀಕ್ ಸೇರಿದ ಅಂಕಿಯ ವಿಧಾನವನ್ನೇ ಆರಿಸಿಕೊಳ್ಳಿ.

ಎಲ್ಲೂ 0 ಬರೆಯಬೇಡಿ. ಹಾಗೆ ಬರೆದದ್ದೇ ಹೊಲದಲ್ಲಿ ಒಮ್ಮೆ ಕಂಡರೆ ಜಾಲ ‘ಇದು ಅಸಾಧ್ಯ’ ಎಂದು ನಿಂತುಬಿಡುತ್ತದೆ. ಅಪರೂಪವಾದರೆ 0.01 ಬರೆಯಿರಿ.

ಪ್ರಶ್ನೆ: ಇಂಥದೇ ಕೋಷ್ಟಕವನ್ನು ಜೀನಿಯಿಂದ ಪೈಥಾನ್ ಭಾಷೆಯ ಪಿಜಿಎಂಪೈ (pgmpy) ಲೈಬ್ರರಿಗೆ ನಕಲು ಮಾಡಿದೆ. ಚೆಕ್ ಮಾಡೆಲ್ ಎಂಬ ಪರೀಕ್ಷೆ ಪಾಸಾಗುತ್ತದೆ, ಉತ್ತರ ಮಾತ್ರ ತಪ್ಪು. – ಧಾರವಾಡ

ಉತ್ತರ: ಕಾಲಮ್‌ಗಳ ಮೊತ್ತ 1 ಇದೆಯೇ, ಅಳತೆ ಹೊಂದುತ್ತದೆಯೇ ಎಂದಷ್ಟೇ ಆ ಪರೀಕ್ಷೆ ನೋಡುತ್ತದೆ. ಕ್ರಮ ತಪ್ಪಿದ್ದು ಅದಕ್ಕೆ ತಿಳಿಯದು. ಎವಿಡೆನ್ಸ್ ಪಟ್ಟಿಯಲ್ಲಿ (ಕೋಷ್ಟಕಕ್ಕೆ ಪೇರೆಂಟ್‌ಗಳ ಹೆಸರು ಕೊಡುವ ಪಟ್ಟಿ) ಕೊನೆಗೆ ಬರೆದ ಪೇರೆಂಟ್ ಎಲ್ಲಕ್ಕಿಂತ ಬೇಗ ಬದಲಾಗುತ್ತದೆ. ಜೀನಿಯ ತಲೆಬರಹದಲ್ಲಿ ಮೇಲೆ ಥ್ರಿಪ್ಸ್, ಕೆಳಗೆ ಮೈಟ್ ಇದ್ದರೆ ಎರಡನೇ ಕಾಲಮ್ ಎಂದರೆ ಥ್ರಿಪ್ಸ್ ಇಲ್ಲ, ಮೈಟ್ ಕಡಿಮೆ. ನೀವು ಪಟ್ಟಿಯಲ್ಲಿ ಮೈಟ್ ಮೊದಲು ಬರೆದಿದ್ದರೆ ಅದೇ ಕಾಲಮ್ ಮೈಟ್ ಇಲ್ಲ, ಥ್ರಿಪ್ಸ್ ಕಡಿಮೆ ಎಂದಾಗುತ್ತದೆ. ಎರಡಕ್ಕೂ ಮೂರು ಮೂರೇ ಸ್ಥಿತಿ ಇರುವುದರಿಂದ ಎರರ್ ಬರುವುದಿಲ್ಲ. ತಲೆಬರಹದ ಮೇಲಿನಿಂದ ಕೆಳಗಿನ ಕ್ರಮವನ್ನೇ ಪಟ್ಟಿಗೆ ಕೊಡಿ, ಸ್ಥಿತಿಗಳ ಹೆಸರನ್ನೂ ಜೊತೆಗೆ ಬರೆಯಿರಿ. ಆಮೇಲೆ ಆ ಎರಡನೇ ಕಾಲಮ್‌ನ ಪೇರೆಂಟ್ ಸ್ಥಿತಿಗಳನ್ನೆಲ್ಲ ಎವಿಡೆನ್ಸ್ (ಇಲ್ಲಿ ಇದರರ್ಥ ಕಂಡ ಸಂಗತಿ) ಆಗಿ ಕೊಟ್ಟು ಕೇಳಿ ನೋಡಿ. ಜೀನಿಯ ಆ ಕಾಲಮ್‌ನ ಮೂರು ಅಂಕಿಯೇ ಹೊರಬರಬೇಕು.