ಎಲೆ ಹಳದಿಯಾದರೆ ಗಿಡಕ್ಕೆ ಹಸಿವು ಅಂತ ಯಾರು ಹೇಳಿದ್ದು?

20 ಕುಂಡ, ಹಳದಿ ತಿರುಗುತ್ತಿರುವ ಎಲೆಗಳು, ಅಂಗಡಿ ಗೊಬ್ಬರಕ್ಕೆ ದುಡ್ಡು ಹಾಕಲು ಮನಸ್ಸಿಲ್ಲ. ಬಾಳೆಹಣ್ಣಿನ ಸಿಪ್ಪೆ, ಮೊಟ್ಟೆ ಚಿಪ್ಪು, ಬೂದಿ, ಕಾಫಿ ಚರಟ ಎಲ್ಲವನ್ನೂ ಯಾವ ಅಳತೆಯಲ್ಲಿ ಕಲಸಿದರೆ ಎಲ್ಲಾ ಗಿಡಕ್ಕೂ ಆಗುವ ಒಂದೇ ಟಾನಿಕ್ ಸಿಗುತ್ತದೆ ಅಂತ ಕೇಳಿದ್ದೀರಿ. 6 ವರ್ಷದ ಹಿಂದೆ ನಾನೇ ಬರೆದು ಮರೆತ ಪ್ರಶ್ನೆಯೇನೋ ಅನಿಸಿತು. ಬಕೆಟ್ ಆಗಲೇ ತಯಾರಾಗಿದ್ದರೆ ಇದನ್ನು ಓದಿ ಮುಗಿಸುವವರೆಗೆ ಗಿಡಕ್ಕೆ ಸುರಿಯಬೇಡಿ.

ನನ್ನ ಬಳಿ ಆಗ 14 ಕುಂಡಗಳಿದ್ದವು. ಅದರಲ್ಲಿ ಮುದ್ದಿನದು ಒಂದು ನಿಂಬೆ ಗಿಡ. ಸೊಂಟದೆತ್ತರ ಬಂದಿತ್ತು, ಹಿಂದಿನ ವರ್ಷ ಹೂ ಬಿಟ್ಟು ಹತ್ತಾರು ಕಾಯಿ ಕೊಟ್ಟಿತ್ತು. ಸುಮ್ನೆ ಬಿಟ್ಟಿದ್ದರೆ ಚೆನ್ನಾಗಿಯೇ ಇರುತ್ತಿತ್ತು. ಆದರೆ ಸುಮ್ನಿರೋದು ನನ್ನ ಜಾಯಮಾನ ಅಲ್ಲ. ಪರಿಚಯದವರ ಮನೆಯಲ್ಲಿ ಸೌದೆ ಒಲೆ ಇತ್ತು. "ಬೂದಿ ಸುಮ್ನೆ ಚೆಲ್ತೀವಿ, ತಗೊಂಡು ಹೋಗಿ, ಗಿಡಕ್ಕೆ ಬಹಳ ಒಳ್ಳೇದು, ಕಾಯಿ ಜಾಸ್ತಿ ಬಿಡುತ್ತೆ" ಅಂದರು. ಒಂದು ಚೀಲ ಹೊತ್ತು ತಂದೆ. ಪ್ರತಿ ಭಾನುವಾರ ಪ್ರತಿ ಕುಂಡಕ್ಕೂ ಒಂದು ಹಿಡಿ. ಜೊತೆಗೆ ಕೈಯಲ್ಲೇ ಮುರಿದ ಮೊಟ್ಟೆ ಚಿಪ್ಪಿನ ಚೂರು ಒಂದು ಚಮಚ. ಪುಕ್ಕಟೆ ಸಿಕ್ಕಿದ್ದು ನೋಡಿ, ಕೈ ಧಾರಾಳವಾಗಿತ್ತು.

ಎರಡು ತಿಂಗಳಲ್ಲಿ ನಿಂಬೆಯ ಚಿಗುರು ಬಣ್ಣ ಕಳೆದುಕೊಂಡಿತು. ಹೊಸ ಎಲೆ ಹುಟ್ಟುವಾಗಲೇ ಹಳದಿ. ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದೆ. ನರಗಳು ಮಾತ್ರ ಹಸಿರು, ಯಾರೋ ಹಸಿರು ದಾರದಲ್ಲಿ ಬಲೆ ಹೆಣೆದ ಹಾಗೆ. ನಡುವಿನ ಜಾಗವೆಲ್ಲ ಮೇಣದ ಹಾಗೆ ಬಿಳಿಚಿಕೊಂಡಿತ್ತು. ನನಗೆ ಹೊಳೆದದ್ದು ಒಂದೇ: ಪಾಪ, ಹಸಿದಿದೆ. ಒಂದು ಹಿಡಿ ಇದ್ದದ್ದು ಎರಡು ಹಿಡಿ ಆಯಿತು.

ನನ್ನ ತಂಗಿ ಬಂದಿದ್ದಳು ಒಂದು ದಿನ. ಗಿಡ ನೋಡಿ, "ಅಣ್ಣಾ, ಕೆಳಗಿನ ಎಲೆ ಎಲ್ಲಾ ಕಡು ಹಸಿರಾಗೇ ಇದೆಯಲ್ಲ, ಮೇಲಿನದು ಮಾತ್ರ ಯಾಕೆ ಹಳದಿ?" ಅಂತ ಕೇಳಿದಳು. "ಅವು ಹಳೇ ಎಲೆ, ಗಟ್ಟಿ ಇರ್ತವೆ ಬಿಡು" ಅಂದುಬಿಟ್ಟೆ. ಉತ್ತರ ಅವಳ ಪ್ರಶ್ನೆಯಲ್ಲೇ ಇತ್ತು. ನನಗೆ ಕೇಳಿಸಲಿಲ್ಲ.

ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನಗೆ ಒಂದು ವರ್ಷ ಹಿಡಿಯಿತು ಅರ್ಥವಾಗಲು.

ಸೌದೆ ಉರಿದಾಗ ಅದರಲ್ಲಿದ್ದ ಸಾರಜನಕ ಹೊಗೆಯ ಜೊತೆ ಹಾರಿಹೋಗುತ್ತದೆ. ಬೂದಿಯಲ್ಲಿ ಉಳಿಯುವುದು ಮುಖ್ಯವಾಗಿ ಸುಣ್ಣದ ಅಂಶ, ಆಮೇಲೆ ಪೊಟ್ಯಾಷ್, ಚೂರುಪಾರು ಮೆಗ್ನೀಸಿಯಂ ಮತ್ತು ರಂಜಕ. ಪೊಟ್ಯಾಸಿಯಂ ಅನ್ನುವ ಹೆಸರೇ ಬೂದಿಯಿಂದ ಬಂದದ್ದು. ಬೂದಿ ನೀರನ್ನು ಮಡಕೆಯಲ್ಲಿ ಇಂಗಿಸಿ ತೆಗೆಯುತ್ತಿದ್ದ ಪುಡಿಗೆ 'ಪಾಟ್ ಆಶ್' ಅನ್ನುತ್ತಿದ್ದರು, ಮಡಕೆ ಬೂದಿ ಅಂತ. 1807ರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಪೊಟ್ಯಾಷಿಗೆ ವಿದ್ಯುತ್ ಹಾಯಿಸಿ ಆ ಲೋಹವನ್ನು ಬೇರ್ಪಡಿಸಿ, ಅದೇ ಹೆಸರಿಟ್ಟ. ಹಾಗಾಗಿ ಬೂದಿಯಲ್ಲಿ ಪೊಟ್ಯಾಷ್ ಇದೆ ಅನ್ನುವುದು ಸುಳ್ಳಲ್ಲ. ಆದರೆ ಇದೇ ಬೂದಿ ನೀರಿಗೆ ಕೊಬ್ಬು ಹಾಕಿ ಕುದಿಸಿ ಹಿಂದೆ ಸೋಪು ಮಾಡುತ್ತಿದ್ದರು. ಬೂದಿ ಹಾಕಿ ತಿಕ್ಕಿದರೆ ಪಾತ್ರೆಯ ಜಿಡ್ಡು ಹೋಗುತ್ತದಲ್ಲ, ಅಷ್ಟು ಕ್ಷಾರ ಅದು. ಜಿಡ್ಡನ್ನೇ ಕಿತ್ತು ಹಾಕುವ ವಸ್ತುವನ್ನು ನಾನು ವಾರವಾರ ಬೇರಿನ ಮೇಲೆ ಸುರಿಯುತ್ತಿದ್ದೆ. ಹೊಲದ ಮಣ್ಣಾದರೆ ಹೇಗೋ ತಡೆದುಕೊಳ್ಳುತ್ತದೆ. ಕುಂಡದಲ್ಲಿ ಇರುವುದು ಒಂದು ಬಕೆಟ್ ಮಣ್ಣು. ಅದಕ್ಕೆ ಎಲ್ಲಿಗೆ ಹೋಗಬೇಕು?

ಮಣ್ಣಿನ ಹುಳಿ-ಕ್ಷಾರ ಅಳೆಯುವ ಅಂಕಕ್ಕೆ ಪಿಎಚ್ ಅನ್ನುತ್ತಾರೆ. 7 ಅಂದರೆ ಸಮ, ಕೆಳಗೆ ಹುಳಿ, ಮೇಲೆ ಕ್ಷಾರ. ನಿಂಬೆಗೆ 6ರಿಂದ 7ರ ಒಳಗೆ ಹಿತ. ಕೊನೆಗೊಮ್ಮೆ ಬುದ್ಧಿ ಬಂದು ಪಿಎಚ್ ನೋಡುವ ಕಾಗದದ ಪಟ್ಟಿ ತಂದೆ. ಒಂದು ಲೋಟದಲ್ಲಿ ಕುಂಡದ ಮಣ್ಣಿಗೆ ಅಷ್ಟೇ ಡಿಸ್ಟಿಲ್ಡ್ ನೀರು ಹಾಕಿ ಕಲಕಿ, ತಿಳಿಯಾಗಲು ಬಿಟ್ಟು, ಪಟ್ಟಿ ಅದ್ದಿದೆ. ಬಣ್ಣ ಹಸಿರು ದಾಟಿ ನೀಲಿಗೆ ಹೊರಳಿತು. ಡಬ್ಬಿಯ ಮೇಲಿನ ಬಣ್ಣದ ಜೊತೆ ಹಿಡಿದು ನೋಡಿದರೆ 8 ಮತ್ತು 9ರ ನಡುವೆ. ಈ ಅಂಕಗಳು ಸಾಮಾನ್ಯ ಲೆಕ್ಕದವಲ್ಲ. ಒಂದು ಅಂಕ ಏರಿದರೆ 10 ಪಟ್ಟು, ಎರಡು ಏರಿದರೆ 100 ಪಟ್ಟು.

ಕ್ಷಾರ ಏರಿದಾಗ ಮೊದಲು ಕೈಕೊಡುವುದು ಕಬ್ಬಿಣ. ಮಣ್ಣಲ್ಲಿ ಕಬ್ಬಿಣ ಬೇಕಾದಷ್ಟು ಇರುತ್ತದೆ. ಆದರೆ ಕರಗಿದರೆ ತಾನೇ ಬೇರು ಕುಡಿಯೋದು? ಕ್ಷಾರದಲ್ಲಿ ಅದು ತುಕ್ಕಿನ ಹಾಗೆ ಗಟ್ಟಿಯಾಗಿ ಕೂತುಬಿಡುತ್ತದೆ. ಮ್ಯಾಂಗನೀಸ್, ಸತು ಕೂಡ ಹಾಗೇ. ಉಗ್ರಾಣ ತುಂಬಿದೆ, ಬೀಗದ ಕೈ ನಾನೇ ಬಾವಿಗೆ ಎಸೆದಿದ್ದೇನೆ. ಎಲೆ ಹಸಿರಾಗಲು ಕಬ್ಬಿಣ ಬೇಕು. ಗಿಡದೊಳಗೆ ಕಬ್ಬಿಣ ಹಳೇ ಎಲೆಯಿಂದ ಹೊಸ ಎಲೆಗೆ ಓಡಾಡುವುದಿಲ್ಲ, ಎಲ್ಲಿ ಕೂತಿತೋ ಅಲ್ಲೇ. ಅದಕ್ಕೇ ಹಳೇ ಎಲೆ ಹಸಿರು, ಚಿಗುರು ಹಳದಿ. ಸಾರಜನಕದ ಕಥೆ ಉಲ್ಟಾ. ಅದು ಕಡಿಮೆಯಾದರೆ ಗಿಡ ಹಳೇ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತದೆ, ಹಾಗಾಗಿ ಕೆಳಗಿನ ಎಲೆಗಳು ಮೊದಲು ಹಳದಿ ತಿರುಗುತ್ತವೆ. ತಂಗಿ ಕಂಡದ್ದು ಮೊದಲನೆಯದನ್ನು, ಕಬ್ಬಿಣದ ಕೊರತೆಯನ್ನು. ಕಣ್ಣೆದುರಿಗೆ ಬರೆದಿಟ್ಟ ಹಾಗಿತ್ತು. ನಾನು ಇನ್ನೊಂದು ಹಿಡಿ ಬೂದಿ ಹಾಕಿದೆ.

ಎರಡು ಗುಲಾಬಿ ಸತ್ತವು. ನಿಂಬೆ ಸಾಯಲಿಲ್ಲ, ಆದರೆ ಆ ವರ್ಷ ಒಂದು ಹೂವೂ ಇಲ್ಲ. ಅದನ್ನು ಕುಂಡದಿಂದ ಎಬ್ಬಿಸಿ, ಬೇರಿಗೆ ಅಂಟಿದ ಮಣ್ಣು ಆದಷ್ಟು ಉದುರಿಸಿ, ಹೊಸ ಮಣ್ಣು ಮತ್ತು ಕಾಂಪೋಸ್ಟ್ ಹಾಕಿ ಕೂರಿಸಿದೆ. ಎಲೆಗೆ ಸಿಂಪಡಿಸಲು ಚೀಲೇಟೆಡ್ ಕಬ್ಬಿಣದ (ಗಟ್ಟಿಯಾಗಿ ಕೂರದೆ ಕರಗಿಯೇ ಇರುವ ಹಾಗೆ ಮಾಡಿದ ಕಬ್ಬಿಣ) ಪುಡಿ ತಂದೆ. ಹೌದು, ಅಂಗಡಿಯಿಂದ, ದುಡ್ಡು ಕೊಟ್ಟು. ಉಳಿತಾಯ ಮಾಡಲು ಹೊರಟವನು ನಾನು.

ಕುಂಡ ಬಗೆಯುವಾಗ ಇನ್ನೊಂದು ತಮಾಷೆ ಕಂಡಿತು. ತಿಂಗಳುಗಟ್ಟಲೆ ಹಾಕಿದ ಮೊಟ್ಟೆ ಚಿಪ್ಪು ಮಣ್ಣಲ್ಲಿ ಹಾಗೇ ಇತ್ತು. ಉಗುರಿನಷ್ಟಗಲದ ಚೂರುಗಳು, ಒಳಗಿನ ತೆಳು ಪೊರೆ ಕೂಡ ಅಂಟಿಕೊಂಡೇ. ಮೊಟ್ಟೆ ಚಿಪ್ಪು 95% ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನ ಜಾತಿ. ಹುಳಿ ಮಣ್ಣಲ್ಲಿ ನಿಧಾನವಾಗಿ ಕರಗುತ್ತದೆ. ನನ್ನ ಕ್ಷಾರದ ಕುಂಡದಲ್ಲಿ ಅದಕ್ಕೆ ಏನೂ ಅವಸರವಿರಲಿಲ್ಲ. ಹಾಕಲೇಬೇಕು ಅಂದರೆ ಒಣಗಿಸಿ ಟಾಲ್ಕಂ ಪೌಡರಿನಷ್ಟು ನುಣ್ಣಗೆ ಅರೆಯಿರಿ. ಇಲ್ಲದಿದ್ದರೆ ಅದು ಅಲಂಕಾರ.

ಬಾಳೆಹಣ್ಣಿನ ಸಿಪ್ಪೆ ನೀರಿನ ಬಗ್ಗೆ ಕೇಳಿದ್ದೀರಿ. ನಾನೂ 9 ದಿನ ನೆನೆಸಿಟ್ಟಿದ್ದೆ. ಮುಚ್ಚಳ ತೆಗೆದಾಗ ಮೇಲೆ ಬಿಳಿ ಕೆನೆ, ಅದರ ಮೇಲೆ ಸಣ್ಣ ನೊಣಗಳು, ಅಂಚಲ್ಲಿ ತೆವಳುವ ಹುಳ. ವಾಸನೆಯ ವಿಷಯ ಬೇಡ. ಸಿಪ್ಪೆಯ ಪೊಟ್ಯಾಷ್ ನೀರಿಗೆ ಸುಲಭವಾಗಿ ಇಳಿಯುತ್ತದೆ ನಿಜ, ಆದರೆ ಸಾರಜನಕ ಬಹುಪಾಲು ಸಿಪ್ಪೆಯಲ್ಲೇ ಇರುತ್ತದೆ. ಸೂಕ್ಷ್ಮಜೀವಿಗಳು ಸಿಪ್ಪೆಯನ್ನು ಕೊಳೆಸಿದ ಹಾಗೆಲ್ಲ ಮಾತ್ರ ಆ ಸಾರಜನಕ ಬೇರಿಗೆ ಸಿಗುತ್ತದೆ.

ಕಾಫಿ ಚರಟ ಪರವಾಗಿಲ್ಲ, ಸುಮಾರು 2% ಸಾರಜನಕ ಇದೆ. ಹುಳಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಹುಳಿಯೆಲ್ಲ ಹೆಚ್ಚುಕಡಿಮೆ ನಿಮ್ಮ ಲೋಟಕ್ಕೆ ಇಳಿದಿರುತ್ತದೆ. ಮಣ್ಣಿನ ಮೇಲೆ ದಪ್ಪಗೆ ಹರಡಿದರೆ ಮಾತ್ರ ಒಣಗಿ ಹಪ್ಪಳದಂತಾಗಿ ನೀರೇ ಕೆಳಗಿಳಿಯುವುದಿಲ್ಲ. ಉಪ್ಪು ಹಾಕದೆ ತರಕಾರಿ ಬೇಯಿಸಿದ ನೀರು, ಅಕ್ಕಿ ತೊಳೆದ ನೀರು ಹಾಕಿಕೊಳ್ಳಿ, ಲಾಭ ಕಡಿಮೆ, ನಷ್ಟವೂ ಇಲ್ಲ. ಮನೆಯಲ್ಲಿ ಮೀನಿನ ತೊಟ್ಟಿ ಇದ್ದರೆ ಅದರ ಹಳೇ ನೀರು ಮಾತ್ರ ನಿಜಕ್ಕೂ ಗೊಬ್ಬರ, ಚೆಲ್ಲಬೇಡಿ. ಎಪ್ಸಮ್ ಸಾಲ್ಟ್ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಮೆಗ್ನೀಸಿಯಂ ಸಲ್ಫೇಟ್. ಮೆಗ್ನೀಸಿಯಂ ಕಡಿಮೆ ಇದ್ದರೆ ಸರಿ. ಟೊಮೆಟೊ ಕಾಯಿಯ ತಳ ಕಪ್ಪಾಗಿ ಕೊಳೆಯುವುದಕ್ಕೆ ಇದನ್ನು ಹಾಕುವವರಿದ್ದಾರೆ, ಅದರಿಂದ ಇನ್ನೂ ಕೆಡುತ್ತದೆ. ಆ ತೊಂದರೆ ಬರುವುದು ಕಾಯಿಗೆ ಕ್ಯಾಲ್ಸಿಯಂ ತಲುಪದೆ, ಹೆಚ್ಚಾಗಿ ಒಂದು ದಿನ ನೀರು, ಮೂರು ದಿನ ಬರ ಮಾಡುವುದರಿಂದ.

ಈಗ ನಿಮ್ಮ ಅಸಲಿ ಪ್ರಶ್ನೆ, ಎಲ್ಲಾ ಗಿಡಕ್ಕೂ ಒಂದೇ ಟಾನಿಕ್. ಅಂಥದ್ದು ಇಲ್ಲ, ಇರಲೂ ಬೇಡ. ಗಿಡಕ್ಕೆ ಬೇಕಾದ 17 ಧಾತುಗಳಲ್ಲಿ ಯಾವುದು ತೀರಾ ಕಡಿಮೆಯೋ ಬೆಳವಣಿಗೆ ಅದಕ್ಕೇ ನಿಲ್ಲುತ್ತದೆ, ಮಿಕ್ಕಿದ್ದನ್ನು ಎಷ್ಟು ಸುರಿದರೂ ಅಷ್ಟೇ. 19ನೇ ಶತಮಾನದಲ್ಲಿ ಜರ್ಮನಿಯ ವಿಜ್ಞಾನಿ ಕಾರ್ಲ್ ಸ್ಪ್ರೆಂಗೆಲ್ ಇದನ್ನು ಮೊದಲು ಹೇಳಿದ, ಹೆಸರು ಬಂದದ್ದು ಅಲ್ಲಿಯವನೇ ಆದ ರಸಾಯನ ವಿಜ್ಞಾನಿ ಲೀಬಿಗ್‌ಗೆ. (ಅನ್ಯಾಯ, ಆದರೆ ಅದು ಬೇರೆ ಕಥೆ.) ಅದಕ್ಕೂ ಮೊದಲು, ನಿಮ್ಮ ಗಿಡ ಹಸಿದಿದೆ ಅಂತ ನಿಮಗೆ ಹೇಳಿದ್ದು ಯಾರು? ಕುಂಡದ ಗಿಡ ಹಳದಿಯಾಗಲು ನಾನು ಕಂಡ ಹಾಗೆ ಮೊದಲ ಕಾರಣ ನೀರು ಜಾಸ್ತಿ ಆಗಿ ಬೇರಿಗೆ ಉಸಿರು ಕಟ್ಟುವುದು. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣೊಳಗೆ ಇಳಿಸಿ. ಒದ್ದೆ ಹತ್ತಿದರೆ ಟಾನಿಕ್ ಕೂಡ ನೀರೇ ಅನ್ನುವುದು ನೆನಪಿರಲಿ.

ಬಕೆಟ್ ಬಿಸಾಡಬೇಡಿ, ಅದನ್ನೇ ಕಾಂಪೋಸ್ಟ್ ಮಾಡಲು ಬಳಸಿ. ನಿಮ್ಮ ಪಟ್ಟಿಯಲ್ಲಿರುವ ಬೂದಿ ಬಿಟ್ಟು ಎಲ್ಲವೂ ಅದರೊಳಗೆ ಹೋಗಬಹುದು. ಬುಡಕ್ಕೂ ಪಕ್ಕಕ್ಕೂ ತೂತು ಕೊರೆಯಿರಿ. ಅಡಿಗೆ ನಾಲ್ಕು ಬೆರಳು ತರಗೆಲೆ. ಸಿಪ್ಪೆ, ಚರಟ ಚಿಕ್ಕದಾಗಿ ಹೆಚ್ಚಿ ಒಂದು ಬೊಗಸೆ ಹಾಕಿದರೆ ಮೇಲೆ ಎರಡು ಮೂರು ಬೊಗಸೆ ತರಗೆಲೆ ಅಥವಾ ಹರಿದ ರಟ್ಟು. ಹಸಿ ಕಸ ಕಡಿಮೆ, ಒಣ ಕಸ ಜಾಸ್ತಿ, ಇಷ್ಟೇ ಗುಟ್ಟು. ಪುಸ್ತಕದವರು ಇದನ್ನೇ ಇಂಗಾಲ 25-30ಕ್ಕೆ ಸಾರಜನಕ 1 ಅನ್ನುತ್ತಾರೆ. ವಾಸನೆ ಬಂತೋ, ಒಣದು ಸೇರಿಸಿ. ಕೊಳೆಯದೆ ಹಾಗೇ ಕೂತಿದೆಯೋ, ಹಸಿ ಕಸ ಸೇರಿಸಿ. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಹಿಂಡಿ ಒಣಹಾಕುವ ಬಟ್ಟೆಯ ಹಾಗೆ. ವಾರಕ್ಕೊಮ್ಮೆ ಬುಡಮೇಲು ಮಾಡಿ. ಮಾಂಸ, ಹಾಲು, ಎಣ್ಣೆ ಬೇಡ. ಬಕೆಟ್ ಚಿಕ್ಕದು, ದೊಡ್ಡ ಗುಡ್ಡೆಯ ಹಾಗೆ 55-60 ಡಿಗ್ರಿ ಕಾವು ಬರುವುದಿಲ್ಲ, ಅದಕ್ಕೆ ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ನನ್ನ ಮೊದಲ ಬಕೆಟ್ ಐದು ತಿಂಗಳು ತಗೊಂಡಿತು, ದಿನಾ ತೆಗೆದು ನೋಡುತ್ತಿದ್ದೆ ಬೇರೆ. ಸಿಪ್ಪೆ ಯಾವುದು ಎಲೆ ಯಾವುದು ಅಂತ ಗೊತ್ತಾಗದೆ, ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಆಯಿತು. ಎರಡು ತಿಂಗಳಿಗೊಮ್ಮೆ ಕುಂಡಕ್ಕೆ ಎರಡು ಹಿಡಿ ಸಾಕು.

ಅವಸರಕ್ಕೆ ಸಾರಜನಕ ಬೇಕೇಬೇಕು ಅಂದರೆ ಪುಕ್ಕಟೆ ಸಿಗುವುದರಲ್ಲಿ ಅತಿ ಗಟ್ಟಿಯಾದದ್ದು ನಮ್ಮ ಮೂತ್ರ. ನಗಬೇಡಿ. ಆಗ ತಾನೇ ಹಿಡಿದದ್ದು 1 ಪಾಲು, ನೀರು 10 ಪಾಲು, ಬುಡದ ಮಣ್ಣಿಗೆ ಮಾತ್ರ, ಎಲೆಗಲ್ಲ, ಎಳೇ ಸಸಿಗಲ್ಲ. ಔಷಧಿ ತೆಗೆದುಕೊಳ್ಳುತ್ತಿದ್ದರೆ ಬೇಡ. ಅದರಲ್ಲಿ ಉಪ್ಪೂ ಇರುತ್ತದೆ, ಹಾಗಾಗಿ ತಿಂಗಳಿಗೊಮ್ಮೆಗಿಂತ ಜಾಸ್ತಿ ನಾನು ಹಾಕುವುದಿಲ್ಲ. ಬೂದಿ ಜೊತೆ ಬೆರೆಸಿದರೆ ಅಮೋನಿಯಾ ಆಗಿ ಹಾರಿಹೋಗುತ್ತದೆ, ಉಳಿಯುವುದು ವಾಸನೆ ಮಾತ್ರ. ಮನೆಯವರಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ನಿಂಬೆ ಗಿಡದ ಮೇಲೆ ಆ ವರ್ಷದ ಕೆಲವು ಹಳದಿ ಎಲೆಗಳು ಬಹಳ ದಿನ ಹಾಗೇ ಇದ್ದವು. ಪೂರ್ತಿ ಬಿಳಿಚಿದವು ಮತ್ತೆ ಹಸಿರಾಗಲೇ ಇಲ್ಲ, ಅವುಗಳ ಮೇಲೆ ಹೊಸ ಹಸಿರು ಚಿಗುರು ಬಂತು. ಕೊಂಬೆ ನೋಡಿದರೆ ಯಾವ ತಿಂಗಳಿಂದ ಯಾವ ತಿಂಗಳವರೆಗೆ ನಾನು ಬೂದಿ ಹಾಕಿದೆ ಅಂತ ಬೆರಳಿಟ್ಟು ತೋರಿಸಬಹುದಿತ್ತು. ತಂಗಿ ಬಂದಾಗಲೆಲ್ಲ ತೋರಿಸುತ್ತಲೂ ಇದ್ದಳು.

ನಿಮ್ಮ ಗಿಡದಲ್ಲಿ ಹಳದಿಯಾಗಿರುವುದು ಕೆಳಗಿನ ಎಲೆಯೋ, ತುದಿಯ ಚಿಗುರೋ? ಒಂದು ಎಲೆಯನ್ನು ಬೆಳಕಿಗೆ ಹಿಡಿದು ಫೋಟೋ ಹಾಕಿ. ಇದುವರೆಗೆ ಏನೇನು ಸುರಿದಿದ್ದೀರಿ ಅಂತಲೂ ಬರೆಯಿರಿ, ನಾಚಿಕೆ ಬೇಡ.