ಇನ್‌ಫ್ಲೇಶನ್ (ವಿಶ್ವ ಹುಟ್ಟಿದ ಕೂಡಲೇ ಅತಿ ವೇಗವಾಗಿ ಹಿಗ್ಗಿದ ಕಾಲ) ಹೊತ್ತಿಗೆ ಶೂನ್ಯದಿಂದ ಹುಟ್ಟಿದ ಫೋಟಾನ್‌ಗಳೇ, ಅಂದರೆ ಬೆಳಕಿನ ಕಣಗಳೇ, ಇವತ್ತಿನ ಸಿಎಂಬಿಯಾ (ಆಕಾಶದ ಎಲ್ಲ ಕಡೆಯಿಂದ ಬರುವ ಆದಿಕಾಲದ ಮೈಕ್ರೋವೇವ್ ಬೆಳಕು)? ಎಂಎಸ್ಸಿ ಪ್ರಾಜೆಕ್ಟ್‌ಗೆ ಇದು ಆಗುತ್ತದಾ?

ಆಗುವುದಿಲ್ಲ. ಹಾಗೆ ಫೋಟಾನ್ ಹುಟ್ಟುವುದೇ ಇಲ್ಲ. ನಾನೂ ಎಂಎಸ್ಸಿಯಲ್ಲಿ ಇದನ್ನೇ ಹಿಡಿದು ಒಂದು ಸೆಮಿಸ್ಟರ್ ಕಳೆದುಕೊಂಡೆ.

ವಿಶ್ವ ಹಿಗ್ಗುವಾಗ ಶೂನ್ಯದಿಂದ ಕಣಗಳು ಹುಟ್ಟಬಹುದು ಅಂತ ಭೌತವಿಜ್ಞಾನಿ ಲಿಯೊನಾರ್ಡ್ ಪಾರ್ಕರ್ 1960ರ ದಶಕದಲ್ಲೇ ತೋರಿಸಿದ್ದರು. ಅದನ್ನು ಓದಿ ಹುಮ್ಮಸ್ಸು ಬಂತು. ಸ್ಕೇಲಾರ್ ಫೀಲ್ಡ್‌ನ (ಪ್ರತಿ ಬಿಂದುವಿನಲ್ಲೂ ಬರೀ ಒಂದು ಸಂಖ್ಯೆ ಇರುವ, ದಿಕ್ಕಿಲ್ಲದ ಕ್ಷೇತ್ರ) ಸಮೀಕರಣ ಪುಸ್ತಕದಲ್ಲಿ ರೆಡಿ ಇತ್ತು. ಫೋಟಾನ್‌ಗೆ ಮಾಸ್ ಇಲ್ಲ, ಇದಕ್ಕೂ ಸೊನ್ನೆ ಇಟ್ಟರೆ ಮುಗಿಯಿತಲ್ವಾ ಅಂದುಕೊಂಡೆ. ಕೋಡ್ ಬರೆದೆ. ಗ್ರಾಫ್‌ಗಳು ಎಷ್ಟು ಚೆನ್ನಾಗಿ ಬಂದವೆಂದರೆ ಅನುಮಾನವೇ ಬರಲಿಲ್ಲ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಪೆನ್ಸಿಲ್‌ನಿಂದ ಒಂದು ಟರ್ಮ್ ಸುತ್ತ ಗೆರೆ ಎಳೆದು, "ಇದು ಇಲ್ಲಿಗೆ ಹೇಗೆ ಬಂತಪ್ಪಾ?" ಅಂದರು. ಕನ್ಫಾರ್ಮಲ್ ಟೈಮ್‌ನಲ್ಲಿ (ವಿಶ್ವದ ಹಿಗ್ಗುವಿಕೆಯಿಂದ ಭಾಗಿಸಿದ ಕಾಲದ ಅಳತೆ) ಬರೆದಾಗ ಮಾಸ್ ಇಲ್ಲದ ಮಾಮೂಲಿ ಸ್ಕೇಲಾರ್ ಫೀಲ್ಡ್‌ಗೆ ಒಂದು ಟರ್ಮ್ ಜಾಸ್ತಿ ಇರುತ್ತದೆ: ಸ್ಕೇಲ್ ಫ್ಯಾಕ್ಟರ್‌ನ (ವಿಶ್ವ ಎಷ್ಟು ಹಿಗ್ಗಿದೆ ಅನ್ನುವ ಅಳತೆ) ಎರಡನೇ ಡೆರಿವೇಟಿವ್ ಅನ್ನು ಸ್ಕೇಲ್ ಫ್ಯಾಕ್ಟರ್‌ನಿಂದಲೇ ಭಾಗಿಸಿದ್ದು. ಕಣ ಹುಟ್ಟಿಸುವುದೇ ಅದು. ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಹಾಗೇ ಬರೆದು ನೋಡಿ, ಆ ಟರ್ಮ್ ಬರುವುದೇ ಇಲ್ಲ. ಸ್ಕೇಲ್ ಫ್ಯಾಕ್ಟರ್ ಪೂರ್ತಿ ಮಾಯ! ವಿಶ್ವ ಹಿಗ್ಗುತ್ತಿದೆ ಅನ್ನುವುದು ಫೋಟಾನ್‌ನ ಗಮನಕ್ಕೇ ಬರುವುದಿಲ್ಲ. ಉತ್ತರ ಸೊನ್ನೆ. ಅಂದರೆ ಮಾಸ್ ಇದೆಯೋ ಇಲ್ಲವೋ ಅನ್ನುವುದಷ್ಟೇ ಸಾಲದು, ಫೀಲ್ಡ್ ಕನ್ಫಾರ್ಮಲ್ (ಅಳತೆ ಹಿಗ್ಗಿದರೂ ಸಮೀಕರಣ ಬದಲಾಗದ್ದು) ಹೌದೋ ಅಲ್ಲವೋ ಅಂತ ನೋಡಬೇಕಿತ್ತು. (ಫೋಟಾನ್ ಅನ್ನು ಇನ್‌ಫ್ಲೇಶನ್ ನಡೆಸುವ ಫೀಲ್ಡ್ ಆದ ಇನ್‌ಫ್ಲೇಟಾನ್ ಜೊತೆ ಬೇರೆ ರೀತಿಯಲ್ಲಿ ಬೆಸೆದು ಇದನ್ನು ಮುರಿಯುವವರಿದ್ದಾರೆ. ಅದು ಎಂಎಸ್ಸಿಗೆ ಬೇಡ.)

ಸಿಎಂಬಿ ಬೆಳಕಿನ ಮೂಲ ಬೇರೆ. ಇನ್‌ಫ್ಲೇಶನ್ ಮುಗಿದ ಮೇಲೆ ಅದರ ಶಕ್ತಿ ಬಿಸಿ ಕಣಗಳಾಗಿ ಒಡೆಯಿತು. ಆ ಬಿಸಿಯ ಬೆಳಕು ವಿಶ್ವಕ್ಕೆ ಸುಮಾರು 3.8 ಲಕ್ಷ ವರ್ಷವಾದ ಹೊತ್ತಿಗೆ ಬಿಡುಗಡೆಯಾಯಿತು. ಕ್ವಾಂಟಮ್ ಕಂಪನದಿಂದ ಬಂದದ್ದು ಅದರಲ್ಲಿ ಕಾಣುವ ಲಕ್ಷದಲ್ಲಿ ಒಂದು ಪಾಲಿನಷ್ಟು ಏರುಪೇರು ಮಾತ್ರ. ಭೌತವಿಜ್ಞಾನಿಗಳಾದ ಮುಖಾನೊವ್, ಚಿಬಿಸೊವ್ 1981ರಲ್ಲಿ ಲೆಕ್ಕ ಹಾಕಿದ್ದು ಅದನ್ನೇ.

ಹಾಗಾಗಿ ಫೋಟಾನ್ ಬಿಡಿ, ಗುರುತ್ವದ ಅಲೆ ಹಿಡಿಯಿರಿ. ಅದಕ್ಕೆ ಆ ಟರ್ಮ್ ನಿಜಕ್ಕೂ ಇದೆ. ದಕ್ಷಿಣ ಧ್ರುವದ ಬೈಸೆಪ್2 ಟೆಲಿಸ್ಕೋಪ್ ತಂಡ 2014ರಲ್ಲಿ ಸಿಎಂಬಿಯಲ್ಲಿ ಅದರ ಗುರುತು ಸಿಕ್ಕಿತು ಅಂತ ಹೇಳಿತ್ತು. ಆಮೇಲೆ ನೋಡಿದರೆ ಬಹುಪಾಲು ನಮ್ಮ ಗ್ಯಾಲಕ್ಸಿಯ ಧೂಳು. 2021ರ ಬೈಸೆಪ್-ಕೆಕ್ ಅಳತೆಯಲ್ಲಿ ಟೆನ್ಸರ್-ಸ್ಕೇಲಾರ್ ಅನುಪಾತ (ಸಾಂದ್ರತೆಯ ಏರುಪೇರಿಗೆ ಹೋಲಿಸಿದರೆ ಗುರುತ್ವದ ಅಲೆ ಎಷ್ಟು ಬಲವಾಗಿದೆ ಅನ್ನುವ ಅಳತೆ) 0.036ಕ್ಕಿಂತ ಕಡಿಮೆ. ಮಾಡುವ ಕೆಲಸ ಇನ್ನೂ ಇದೆ. ಮೊದಲು ಡಿ ಸಿಟರ್‌ನಲ್ಲಿ (ಒಂದೇ ದರದಲ್ಲಿ ಹಿಗ್ಗುವ ವಿಶ್ವದ ಮಾದರಿ) ಒಂದು ಮೋಡ್ ಅನ್ನು, ಅಂದರೆ ಒಂದೇ ತರಂಗಾಂತರದ ಅಲೆಯನ್ನು, ಕಾಗದದ ಮೇಲೆ ಕೈಯಲ್ಲೇ ಬಿಡಿಸಿ. ಅಲ್ಲಿಯವರೆಗೆ ಲ್ಯಾಪ್‌ಟಾಪ್ ತೆಗೆಯಬೇಡಿ.