ಬೆಲ್ ಹೊಡೆಯಬೇಡ ಎಂದು ಅಮ್ಮ ಯಾಕೆ ಹೇಳಿದಳು?

(ಪ್ರೌಢಶಾಲೆಯಲ್ಲಿ ಭಾಷೆ ಕಲಿಸುವ ಶಿಕ್ಷಕಿಯೊಬ್ಬರ ಪತ್ರದ ಸಾರ: "ಕತೆ ಓದಿ ಹೇಳುವಾಗ ಮಕ್ಕಳು ಮೈಯೆಲ್ಲ ಕಿವಿಯಾಗಿ ಕೇಳುತ್ತಾರೆ. ಓದು ಮುಗಿಸಿ ಬೋರ್ಡಿನ ಮೇಲೆ 'ಕಥಾವಸ್ತು, ಪಾತ್ರಚಿತ್ರಣ, ಸನ್ನಿವೇಶ, ಆಶಯ' ಎಂದು ಬರೆದ ಕೂಡಲೇ ಮುಖಗಳು ಬಾಡುತ್ತವೆ. ಆಮೇಲೆ ಬರುವುದೆಲ್ಲ ಗೈಡಿನ ಉತ್ತರ. ಮೊನ್ನೆ ಒಬ್ಬ ಹುಡುಗಿ, 'ಮಿಸ್, ಇದನ್ನೆಲ್ಲ ಕತೆಗಾರರು ನಿಜವಾಗಲೂ ಯೋಚನೆ ಮಾಡಿ ಬರೆದಿರ್ತಾರಾ, ಇಲ್ಲ ನಾವೇ ಅಂಟಿಸ್ತೀವಾ?' ಎಂದಳು. ನನಗೆ ಉತ್ತರ ತೋಚಲಿಲ್ಲ. ಈ ವಯಸ್ಸಿಗೆ ವಿಶ್ಲೇಷಣೆ ಬೇಕೇ? ಕತೆಯನ್ನು ಸವಿದರೆ ಸಾಲದೇ?" ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.)

ಮೇಡಂ, ನಮಸ್ಕಾರ.

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಒಂದು ನಿಮ್ಮದು, ಇನ್ನೊಂದು ಆ ಹುಡುಗಿಯದು. ಬೇಜಾರು ಮಾಡಿಕೊಳ್ಳಬೇಡಿ, ಹುಡುಗಿಯ ಪ್ರಶ್ನೆಯೇ ತೂಕದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಸಂಪಾದಕನ ಈ ಕುರ್ಚಿಗೆ ಬರುವ ಮೊದಲು ನಾನೂ ಕೆಲವು ವರ್ಷ ಚಾಕ್‌ಪೀಸು ಹಿಡಿದವನು. ನೀವು ಬರೆಯುವ ಆ ನಾಲ್ಕು ಪದಗಳನ್ನೇ ಬರೆಯುತ್ತಿದ್ದೆ, ಬಣ್ಣದ ಚಾಕಿನಲ್ಲಿ, ಕೆಳಗೆ ಗೆರೆ ಎಳೆದು. ಒಮ್ಮೆ ಒಬ್ಬ ಹುಡುಗ ಪಾತ್ರಚಿತ್ರಣದ ಪ್ರಶ್ನೆಗೆ ಎಷ್ಟು ಅಚ್ಚುಕಟ್ಟಾಗಿ ಉತ್ತರಿಸಿದ್ದನೆಂದರೆ, ಪೂರ್ತಿ ಅಂಕ ಕೊಟ್ಟು ತರಗತಿಯಲ್ಲಿ ಓದಿಸಿದೆ. ಆಮೇಲೆ ಮೆಟ್ಟಿಲಿಳಿಯುತ್ತಾ, "ಕೊನೆಯಲ್ಲಿ ಆ ಮುದುಕ ಕಾಗದ ಹರಿದು ಹಾಕಿದ್ದು ಸರೀನಾ?" ಎಂದು ಕೇಳಿದರೆ, "ಯಾವ ಕಾಗದ ಸಾರ್?" ಎಂದ. ಅವನು ಓದಿದ್ದು ನೋಟ್ಸು. ಕತೆಯ ಪುಟವನ್ನು ತಿರುವಿ ಹಾಕಿಯೂ ಇರಲಿಲ್ಲ. ಎರಡು ದಿನ ಅವನ ಮೇಲೆ ಸಿಟ್ಟಿತ್ತು. ಮೂರನೆಯ ದಿನ ಹೊಳೆಯಿತು: ಕತೆ ಓದದೆಯೂ ಉತ್ತರ ಬರೆಯಬಹುದಾದ ಪ್ರಶ್ನೆ ಕೇಳಿದವನು ನಾನು.

ಸವಿಯುವುದು ಬೇರೆ, ವಿಶ್ಲೇಷಿಸುವುದು ಬೇರೆ ಎಂದು ನೀವು ಹೇಗೋ ಒಪ್ಪಿಕೊಂಡುಬಿಟ್ಟಿದ್ದೀರಿ. ಸಿನಿಮಾ ನೋಡಿ ಬಂದ ಮಕ್ಕಳ ಮಾತು ಕೇಳಿ. "ಅವನಿಗೆ ಮೊದಲೇ ಗೊತ್ತಿತ್ತು ಕಣೋ, ಆ ಫೋಟೋ ನೋಡಿದಾಗ ಮುಖ ತಿರುಗಿಸಿದ ನೋಡು." ಇದರಲ್ಲಿ ಒಂದು ಹೇಳಿಕೆ ಇದೆ, ಅದಕ್ಕೊಂದು ಸಾಕ್ಷಿಯೂ ಇದೆ. ವಿಮರ್ಶಕರು ಮಾಡುವುದೂ ಇದನ್ನೇ, ಸ್ವಲ್ಪ ಉದ್ದದ ವಾಕ್ಯಗಳಲ್ಲಿ. ಮಕ್ಕಳಿಗೆ ಬಾರದ ವಿದ್ಯೆಯೇನಲ್ಲ. ನಾವು ಅದನ್ನು ಹಿಂದುಮುಂದು ಮಾಡಿ ಬಡಿಸುತ್ತೇವೆ, ಅಷ್ಟೇ. ಮೊದಲು ಪರಿಭಾಷೆ, ಆಮೇಲೆ ಅದಕ್ಕೆ ಉದಾಹರಣೆಯಾಗಿ ಕತೆ.

ಒಂದು ಕತೆ ಇಟ್ಟುಕೊಂಡೇ ಮಾತಾಡೋಣ. ನಿಮಗಾಗಿಯೇ ಬರೆದದ್ದು, ಗೈಡಿನಲ್ಲಿ ಸಿಗುವುದಿಲ್ಲ.

"ಅಣ್ಣ ಹೋದ ಮೇಲೆ ಅವನ ಸೈಕಲ್ ನನಗೆ ಬಂತು. ಅಪ್ಪ ಸೀಟು ಕೆಳಗಿಳಿಸಿ ಕೊಟ್ಟರು. ಬೆಲ್ ಹೊಡೆಯಬೇಡ ಎಂದಷ್ಟೇ ಅಮ್ಮ ಹೇಳಿದಳು. ನಾನು ಬೀದಿಯ ತುದಿಯವರೆಗೆ ಹೋಗಿ ತಿರುಗಿಸಿಕೊಂಡೆ. ಮನೆ ಹತ್ತಿರ ಬರುವಾಗ ನಾಯಿಯೊಂದು ಅಡ್ಡ ಬಂತು, ಬೆಲ್ ಹೊಡೆದುಬಿಟ್ಟೆ. ಅಮ್ಮ ಬಾಗಿಲಲ್ಲಿ ನಿಂತಿದ್ದಳು, ಎರಡೂ ಕೈಗೆ ಸೋಪಿನ ನೊರೆ. ನನ್ನನ್ನು ನೋಡಿ ಒಳಗೆ ಹೋದಳು."

ಏಳು ವಾಕ್ಯ. ಮೊದಲ ಸಲ ನಿಲ್ಲಿಸದೆ ಓದಿ. ಮಧ್ಯೆ ಪದದ ಅರ್ಥ ಹೇಳಬೇಡಿ, "ಈಗ ಏನಾಗಬಹುದು?" ಎಂದು ಕೇಳಬೇಡಿ. ಓದಿದ ಮೇಲೆ ಒಂದು ನಿಮಿಷ ಸುಮ್ಮನಿರಿ. ಈ ಒಂದು ನಿಮಿಷ ಮೇಷ್ಟ್ರುಗಳಿಗೆ ಕಷ್ಟ, ಮೌನ ಕಂಡರೆ ನಮಗೆ ಪಾಠ ನಿಂತುಹೋಯಿತು ಅನ್ನಿಸುತ್ತದೆ. ಆಮೇಲೆ, ಯಾರೂ ಬಾಯಿ ಬಿಡುವ ಮೊದಲೇ, ಪ್ರತಿಯೊಬ್ಬರೂ ಒಂದು ಸಾಲು ಬರೆಯಲಿ: ಎಲ್ಲಿ ಮನಸ್ಸು ತಡೆದು ನಿಂತಿತು? ಬರೆಸದೆ ಚರ್ಚೆಗೆ ಇಳಿದರೆ ಮೊದಲ ಬೆಂಚಿನ ಮೂವರು ಹೇಳಿದ್ದೇ ಇಡೀ ತರಗತಿಯ ಅಭಿಪ್ರಾಯವಾಗಿಬಿಡುತ್ತದೆ. ಹಿಂದಿನ ಬೆಂಚಿನವನು ಬರೆದ ಸಾಲು ಎಷ್ಟೋ ಸಲ ಹೆಚ್ಚು ಹರಿತವಾಗಿರುತ್ತದೆ, ಅದು ಹೊರಗೆ ಬರಲು ಕಾಗದ ಬೇಕು.

ಬಹುಪಾಲು ಮಕ್ಕಳು ನೊರೆಯ ಹತ್ತಿರ ನಿಲ್ಲುತ್ತಾರೆ. ಕೆಲವರು ಬೆಲ್ಲಿನ ಹತ್ತಿರ. ಈಗ ಎರಡನೆಯ ಓದು, ಕೈಯಲ್ಲಿ ಪೆನ್ಸಿಲ್ ಹಿಡಿದು. ಇದು ಸಾಧ್ಯವಾಗುವುದು ಸಣ್ಣಕತೆಯಲ್ಲಿ ಮಾತ್ರ. ಅಮೆರಿಕದ ಕತೆಗಾರ ಎಡ್ಗರ್ ಅಲನ್ ಪೋ 1842ರಲ್ಲಿ ತನ್ನ ಕಾಲದ ಇನ್ನೊಬ್ಬ ಕತೆಗಾರ ಹಾಥಾರ್ನ್‌ನ ಕತೆಗಳ ಬಗ್ಗೆ ಬರೆಯುತ್ತಾ, ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ, ಒಂದೇ ಸಲ ಕೂತು ಓದಿ ಮುಗಿಸಬಹುದಾದ ಬರಹಕ್ಕೆ ಓದುಗನ ಮನಸ್ಸನ್ನು ಒಂದೇ ಪರಿಣಾಮದಲ್ಲಿ ಹಿಡಿದಿಡುವ ಶಕ್ತಿ ಇದೆ ಎಂದ. ತರಗತಿಯ ಲೆಕ್ಕವೇ ಬೇರೆ. ನಿಮ್ಮ ಒಂದು ಪೀರಿಯಡ್ಡಿನಲ್ಲಿ ಎರಡು ಸಲ ಓದಲಾಗದ ಕತೆಯನ್ನು ವಿಶ್ಲೇಷಣೆ ಕಲಿಸಲು ಆರಿಸಬೇಡಿ. ಉದ್ದದ ಕತೆಗಳನ್ನು ಮನೆಯಲ್ಲಿ ಓದಿಕೊಳ್ಳಲಿ, ಖುಷಿಗೆ.

ನೊರೆ ಯಾಕಿದೆ? ಅಮ್ಮ ಏನೋ ತೊಳೆಯುತ್ತಿದ್ದಳು. ಕೈ ಒರೆಸಿಕೊಳ್ಳಲೂ ನಿಲ್ಲದೆ ಓಡಿ ಬಂದಿದ್ದಾಳೆ. ಯಾಕೆ? ಬೆಲ್ ಕೇಳಿಸಿತು. ಬೆಲ್ ಕೇಳಿಸಿದರೆ ಯಾಕೆ ಓಡಿ ಬರಬೇಕು? ಇಲ್ಲಿ ಯಾರಾದರೂ ಒಬ್ಬರು "ಓ!" ಎನ್ನುತ್ತಾರೆ. ಮೂರನೆಯ ವಾಕ್ಯದ "ಬೆಲ್ ಹೊಡೆಯಬೇಡ" ಆಗ ಬೇರೆಯಾಗಿ ಕೇಳಿಸುತ್ತದೆ. ಮೊದಲ ಓದಿನಲ್ಲಿ ಗದರಿಕೆಯಂತಿದ್ದ ಮಾತು ಎರಡನೆಯ ಓದಿನಲ್ಲಿ ಬೇಡಿಕೆ. ಆ "ಓ!"ಗಾಗಿಯೇ ಇಷ್ಟೆಲ್ಲ. ಅದು ನಿಮ್ಮ ಬಾಯಿಂದ ಬಂದರೆ ಪಾಠ ಕೆಟ್ಟಿತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರಬೇಕು.

ಇನ್ನು "ಹೋದ" ಎಂಬ ಪದ. ಅಣ್ಣ ಹೋದ ಎಂದರೆ ಓದಲು ಹೋದನೋ, ಮನೆ ಬಿಟ್ಟು ಹೋದನೋ, ತೀರಿಕೊಂಡನೋ? ಕನ್ನಡದಲ್ಲಿ ಮೂರಕ್ಕೂ ಅದೊಂದೇ ಪದ ಸಾಕು. ಜಗಳ ಹುಟ್ಟಲಿ. ಒಬ್ಬ ಹೇಳುತ್ತಾನೆ, "ಸತ್ತಿದ್ದರೆ ಅಮ್ಮ ಓಡಿ ಬರ್ತಿರಲಿಲ್ಲ, ಮನೆ ಬಿಟ್ಟು ಹೋಗಿದ್ದಾನೆ, ಅದಕ್ಕೇ ಬಂದನೇನೋ ಅಂತ ಓಡಿದ್ದು." ಇನ್ನೊಬ್ಬಳು, "ಸತ್ತಿದ್ದರೂ ಓಡಿ ಬರ್ತಾರೆ, ಕಾಲು ತಾನಾಗಿ ಓಡುತ್ತೆ." ಎರಡಕ್ಕೂ ಕತೆಯಲ್ಲಿ ಜಾಗವಿದೆ. ಮೂರನೆಯವನು ಎದ್ದು "ಆ ಸೈಕಲ್ ಕದ್ದದ್ದು ಮಿಸ್, ಅದಕ್ಕೇ ಬೆಲ್ ಹೊಡೀಬಾರ್ದು" ಎಂದರೆ ನಗಬೇಡಿ, ಯಾವ ಸಾಲು ಹಾಗೆ ಹೇಳುತ್ತದೆ ಎಂದು ಕೇಳಿ. ಅವನು ಹುಡುಕುತ್ತಾನೆ. ಮೊದಲ ವಾಕ್ಯ ಅಡ್ಡ ಬರುತ್ತದೆ, ಕೊನೆಯ ವಾಕ್ಯವೂ ಒಪ್ಪುವುದಿಲ್ಲ. ತಾನಾಗಿ ಕೂತುಕೊಳ್ಳುತ್ತಾನೆ. ಸಾಹಿತ್ಯದಲ್ಲಿ ಎಲ್ಲ ಅರ್ಥವೂ ಸರಿಯೇ ಎಂಬ ಉದಾರ ಮಾತನ್ನು ನಾನು ನಂಬುವುದಿಲ್ಲ. ಒಂದೇ ಅರ್ಥ ಸರಿ ಎಂಬುದನ್ನಂತೂ ಮೊದಲೇ ನಂಬುವುದಿಲ್ಲ. ಸಾಲು ತೋರಿಸಿದವನ ಅರ್ಥ ನಿಲ್ಲುತ್ತದೆ.

ಈಗ ಪದಗಳನ್ನು ಹೊಲಿದು ನೋಡಿ, ಬಿಚ್ಚಿ ನೋಡಿ. ಕೊನೆಯ ವಾಕ್ಯ ತೆಗೆದು "ಅಮ್ಮನಿಗೆ ಅಣ್ಣನ ನೆನಪಾಗಿ ತುಂಬಾ ದುಃಖವಾಯಿತು" ಎಂದು ಹಾಕಿ. ಏನು ಕಳೆದುಹೋಯಿತು? ಇಡೀ ಕತೆಯನ್ನು ಅಮ್ಮ ಹೇಳಿದರೆ? "ಚಿಕ್ಕವನಿಗೆ ಸೈಕಲ್ ಕೊಟ್ಟೆವು. ಬೆಲ್ ಕೇಳಿಸಿದಾಗ ದೊಡ್ಡವನೇ ಬಂದನೆಂದುಕೊಂಡೆ..." ಹೀಗೆ ಬರೆದ ತಕ್ಷಣ ಮಕ್ಕಳಿಗೆ ತಿಳಿಯುತ್ತದೆ, ಹುಡುಗ ಕತೆ ಹೇಳುವುದರಲ್ಲಿ ಏನಿತ್ತೆಂದು: ಅವನು ಕಂಡದ್ದನ್ನು ಹೇಳುತ್ತಾನೆ, ಅದರ ಅರ್ಥ ಅವನಿಗೇ ಆಗಿಲ್ಲ, ಓದುವವರಿಗೆ ಆಗುತ್ತದೆ. ಇಷ್ಟಾದ ಮೇಲೆ ಬೋರ್ಡಿನ ಮೇಲೆ "ನಿರೂಪಕ" ಎಂದು ಬರೆಯಿರಿ. ಈಗಾಗಲೇ ಕೈಗೆ ಸಿಕ್ಕಿದ ವಸ್ತುವಿಗೆ ಹೆಸರಿಟ್ಟಂತೆ ಆಗುತ್ತದೆ, ಮರೆಯುವುದಿಲ್ಲ. ಒಂದು ಪಾಠಕ್ಕೆ ಇಂಥ ಒಂದು ಪದ ಸಾಕು.

ಬೋರ್ಡಿನ ಮಾತು ಬಂತು, ಒಂದು ದೂರು ಹೇಳಿಬಿಡುತ್ತೇನೆ. ಆರಂಭ, ಏರಿಕೆ, ಶಿಖರ, ಇಳಿಕೆ, ಮುಕ್ತಾಯ ಎಂದು ಬೆಟ್ಟದಂಥ ಚಿತ್ರ ಬರೆದು ಪ್ರತಿ ಕತೆಯನ್ನೂ ಅದಕ್ಕೆ ಹತ್ತಿಸುವ ರೂಢಿ ಇದೆಯಲ್ಲ, ಅದರ ಮೂಲ ಗುಸ್ತಾವ್ ಫ್ರೈಟಾಗ್ ಎಂಬ ಜರ್ಮನ್ ಲೇಖಕ 1863ರಲ್ಲಿ ನಾಟಕರಚನೆಯ ಬಗ್ಗೆ ಬರೆದ ಪುಸ್ತಕದಲ್ಲಿದೆ. ಅವನ ಕಣ್ಣೆದುರು ಇದ್ದದ್ದು ಐದು ಅಂಕಗಳ ಗಂಭೀರ ನಾಟಕ. ಅಲ್ಲಿ ಶಿಖರ ನಟ್ಟನಡುವೆ ಬರುತ್ತದೆ. ನಮ್ಮ ಸೈಕಲ್ ಕತೆಯಲ್ಲಿ ಶಿಖರ ಯಾವುದು, ನಾಯಿ ಅಡ್ಡ ಬಂದದ್ದೇ? ಎಷ್ಟೋ ಒಳ್ಳೆಯ ಸಣ್ಣಕತೆಗಳಲ್ಲಿ ಬೆಟ್ಟವೇ ಇರುವುದಿಲ್ಲ, ಕೊನೆಯಲ್ಲಿ ಒಂದು ಬಾಗಿಲು ಅಷ್ಟೇ. ಆ ಚಿತ್ರ ಒಪ್ಪುವ ಕತೆಗೆ ಬಳಸಿ, ಒಪ್ಪದ ಕತೆಗೆ ಯಾಕೆ ಒಪ್ಪುವುದಿಲ್ಲ ಎಂದು ಕೇಳಿ. ಎರಡನೆಯದರಿಂದಲೇ ಹೆಚ್ಚು ಕಲಿಯುತ್ತಾರೆ.

ಇನ್ನು ಆ ಹುಡುಗಿಯ ಪ್ರಶ್ನೆ. ಇದನ್ನು ದೊಡ್ಡವರು ಶತಮಾನಗಳಿಂದ ಕೇಳಿಕೊಂಡು ಬಂದಿದ್ದಾರೆ ಎಂದು ಅವಳಿಗೆ ಮೊದಲು ಹೇಳಿ, ಖುಷಿಪಡುತ್ತಾಳೆ. ಅಮೆರಿಕದ ವಿದ್ವಾಂಸರಾದ ವಿಮ್ಸಟ್ ಮತ್ತು ಬಿಯರ್ಡ್ಸ್‌ಲಿ ಎಂಬಿಬ್ಬರು 1946ರಲ್ಲಿ ಒಂದು ಪ್ರಬಂಧ ಬರೆದು, ಬರೆದವನ ಉದ್ದೇಶ ನಮ್ಮ ಕೈಗೆ ಸಿಗುವಂಥದ್ದೂ ಅಲ್ಲ, ಕೃತಿಯನ್ನು ಅಳೆಯಲು ಅದು ಬೇಕಾಗಿಯೂ ಇಲ್ಲ ಎಂದು ವಾದಿಸಿದರು. ಎಲ್ಲರೂ ಅದನ್ನು ಪೂರ್ತಿ ಒಪ್ಪಲಿಲ್ಲ, ಆದರೆ ಪ್ರಶ್ನೆ ಕೇಳುವ ರೀತಿಯನ್ನೇ ಅದು ಬದಲಿಸಿತು. ನನ್ನ ಉತ್ತರ ಅಷ್ಟು ಶಾಸ್ತ್ರೀಯವಲ್ಲ. ಆ ಏಳು ವಾಕ್ಯ ಬರೆದವನಾಗಿ ಹೇಳುತ್ತೇನೆ: ಮೊದಲ ಸಲ ಬರೆದಾಗ ನೊರೆ ಇರಲಿಲ್ಲ. "ಅಮ್ಮ ಬಾಗಿಲಲ್ಲಿ ನಿಂತಿದ್ದಳು" ಎಂದಷ್ಟೇ ಇತ್ತು. ಓದಿ ನೋಡಿದರೆ ಅವಳು ಸುಮ್ಮನೆ ಗಾಳಿಗೆ ನಿಂತವಳಂತೆ ಕಂಡಳು. ಓಡಿ ಬಂದದ್ದು ಕಾಣಬೇಕಿತ್ತು, "ಓಡಿ ಬಂದಳು" ಎಂದು ಹೇಳಲು ಮನಸ್ಸಿರಲಿಲ್ಲ, ಹಾಗಾಗಿ ನೊರೆ ಬಂತು. ಇದು ಯೋಚಿಸಿ ಮಾಡಿದ್ದು. ಸೀಟು ಇಳಿಸಿದ್ದು ಹಾಗಲ್ಲ, ಸೈಕಲ್ ಎಂದ ಮೇಲೆ ಕೈ ತಾನಾಗಿ ಬರೆಯಿತು. ಅಪ್ಪ ಬಾಯಿ ಬಿಡದೆ ಸ್ಪ್ಯಾನರ್ ಹಿಡಿದು ಕೂತಿದ್ದಾನೆ, ಅದೇ ಅವನು ದುಃಖಪಡುವ ಬಗೆ ಎಂದು ನಮ್ಮ ಉಪಸಂಪಾದಕಿ ತೋರಿಸಿದ ಮೇಲೆಯೇ ನನಗೂ ಕಂಡಿದ್ದು. ಅವಳು ಅಂಟಿಸಿದಳೇ? ಇಲ್ಲ, ಸಾಲು ಅಲ್ಲೇ ಇತ್ತು. ನಾನು ಇಟ್ಟದ್ದು ನನಗೆ ಗೊತ್ತಿರಲಿಲ್ಲ.

ಒಂಬತ್ತನೆಯ ಶತಮಾನದ ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನ ಧ್ವನಿಯ, ಅಂದರೆ ನೇರವಾಗಿ ಹೇಳದೆ ಹೊಳೆಯಿಸುವ ಅರ್ಥದ, ಬಗ್ಗೆ ಬರೆಯುವಾಗ, ಪದಗಳ ನೇರ ಅರ್ಥ ತಿಳಿದ ಮೇಲೆ ಹಿಂದಿನಿಂದ ಹೊಮ್ಮುವ ಒಂದು ಬಗೆಯ ಅರ್ಥವನ್ನು ಅನುರಣನಕ್ಕೆ, ಗಂಟೆ ಬಾರಿಸಿದ ಮೇಲೆ ಉಳಿಯುವಂಥ ನಾದಕ್ಕೆ, ಹೋಲಿಸಿದ್ದಾನೆ. ಬಾರಿಸಿದವನು ಗಂಟೆ ಬಾರಿಸುತ್ತಾನೆ, ಅನುರಣನ ಕೇಳುವವನ ಕಿವಿಯಲ್ಲಿ. ಸೈಕಲ್ ಬೆಲ್ಲಿಗೂ ಇಷ್ಟು ದೊಡ್ಡ ಹೋಲಿಕೆ ತರುವುದು ಅತಿಯಾಯಿತು, ಕ್ಷಮಿಸಿ.

ಆಶಯದ ವಿಷಯಕ್ಕೆ ಬರೋಣ, ಗೈಡುಗಳು ಗೆಲ್ಲುವುದು ಅಲ್ಲೇ. "ತಾಯಿಯ ಪ್ರೀತಿ ಅಪಾರ ಎಂಬುದು ಈ ಕತೆಯ ಆಶಯ." ತಪ್ಪೇನಿದೆ? ಏನೂ ಇಲ್ಲ, ಅದೇ ತಪ್ಪು. ಇದೇ ವಾಕ್ಯವನ್ನು ತಾಯಿ ಇರುವ ಯಾವ ಕತೆಗೂ ಅಂಟಿಸಬಹುದು. ಇಂಗ್ಲಿಷ್ ವಿಮರ್ಶಕ ಐ. ಎ. ರಿಚರ್ಡ್ಸ್ ಕೇಂಬ್ರಿಜ್‌ನಲ್ಲಿ ಕವಿಗಳ ಹೆಸರು ಮುಚ್ಚಿಟ್ಟು ವಿದ್ಯಾರ್ಥಿಗಳಿಗೆ ಕವಿತೆ ಕೊಟ್ಟು, ಅವರು ಬರೆದ ಅಭಿಪ್ರಾಯಗಳನ್ನು 1929ರಲ್ಲಿ ಪುಸ್ತಕ ಮಾಡಿದ. ಕವಿತೆಯ ನೇರ ಅರ್ಥವೇ ಅನೇಕರಿಗೆ ಆಗಿರಲಿಲ್ಲ. ಇನ್ನು ಕೆಲವರು ಕವಿತೆ ಏನು ಹೇಳಿತೆಂದು ನೋಡದೆ, ಅಂಥ ವಿಷಯಕ್ಕೆ ಮನಸ್ಸಿನಲ್ಲಿ ಮೊದಲೇ ಸಿದ್ಧವಾಗಿದ್ದ ಭಾವನೆಯನ್ನು ಬರೆದಿಟ್ಟಿದ್ದರು. ಕೇಂಬ್ರಿಜ್‌ನವರ ಪಾಡೇ ಹೀಗಿರುವಾಗ ಹದಿನಾಲ್ಕರ ಮಕ್ಕಳ ಮೇಲೆ ನಾವು ರೇಗುವುದು ಬೇಡ. ಆಶಯ ಬರೆದ ಮೇಲೆ ಮಕ್ಕಳಿಗೆ ಒಂದೇ ಪರೀಕ್ಷೆ ಇಡಿ: ಈ ವಾಕ್ಯ ಬೇರೆ ಕತೆಗೂ ಹೊಂದುತ್ತದಾ? ಹೊಂದಿದರೆ ಇನ್ನೊಮ್ಮೆ ಬರೆಯಲಿ. ಮೂರನೆಯ ಪ್ರಯತ್ನಕ್ಕೆ ಯಾರಾದರೂ, "ಬರುವುದಿಲ್ಲ ಎಂದು ಗೊತ್ತಿದ್ದರೂ ಕಿವಿ ಕಾಯುವುದನ್ನು ನಿಲ್ಲಿಸುವುದಿಲ್ಲ" ಎಂಬಂಥದ್ದು ಬರೆಯುತ್ತಾರೆ. ಇದು ಈ ಕತೆಯದೇ.

ಪರೀಕ್ಷೆ ನಿಮ್ಮ ಕೈಯಲ್ಲಿಲ್ಲ, ಒಪ್ಪುತ್ತೇನೆ. ಪರೀಕ್ಷೆಗೆ ಬೇಕಾದ ರೂಪದಲ್ಲಿ ಬರೆಯುವುದನ್ನು ಕೊನೆಯ ಕೆಲವು ವಾರಗಳಲ್ಲಿ ಕಲಿಸಿ, ಅದೇನು ಬ್ರಹ್ಮವಿದ್ಯೆಯಲ್ಲ. ನಿಮ್ಮ ಕೈಯಲ್ಲಿರುವ ಕಿರುಪರೀಕ್ಷೆಗಳಲ್ಲಾದರೂ ಗೈಡಿಗೆ ಗೊತ್ತಿಲ್ಲದ್ದನ್ನು ಕೇಳಿ. "ತಾಯಿಯ ಪಾತ್ರವನ್ನು ಚಿತ್ರಿಸಿ" ಎನ್ನುವ ಬದಲು "ಆರನೆಯ ವಾಕ್ಯದಿಂದ ನೊರೆ ತೆಗೆದರೆ ತಾಯಿಯ ಬಗ್ಗೆ ನಮಗೆ ಏನು ತಿಳಿಯದೆ ಹೋಗುತ್ತದೆ?" ಎನ್ನಿ. ಐದು ಸಾಲು ಸಾಕು. ಹೇಳಿಕೆ ಒಂದು, ಕತೆಯ ಮಾತು ಒಂದು, ಆ ಮಾತಿನ ಯಾವ ಪದ ಆ ಕೆಲಸ ಮಾಡಿತು ಎಂಬ ವಿವರಣೆ ಮೂರು ಸಾಲು. ಮಕ್ಕಳು ಸಾಲು ಉದ್ಧರಿಸಿ "ಇದರಿಂದ ತಿಳಿಯುತ್ತದೆ" ಎಂದು ಕೈ ತೊಳೆದುಕೊಳ್ಳುತ್ತಾರೆ. ಅಲ್ಲಿ ಕೆಂಪು ಶಾಯಿಯಲ್ಲಿ "ಹೇಗೆ?" ಎಂದು ಬರೆಯಿರಿ, ಬೇರೇನೂ ಬೇಡ.

ಒಂದು ಎಚ್ಚರಿಕೆ. ಇಂಥ ಕತೆ ಓದಿಸುವಾಗ ಯಾರ ಮನೆಯಲ್ಲಿ ಯಾರು ಹೋಗಿದ್ದಾರೋ ನಮಗೆ ಗೊತ್ತಿರುವುದಿಲ್ಲ. "ನಿಮ್ಮ ಮನೆಯಲ್ಲೂ ಹೀಗಾಗಿದೆಯಾ?" ಎಂದು ಯಾರನ್ನೂ ಎಬ್ಬಿಸಿ ಕೇಳಬೇಡಿ. ಸೈಕಲ್ಲಿನ ಬಗ್ಗೆ, ಬೆಲ್ಲಿನ ಬಗ್ಗೆ ಮಾತಾಡಲು ಬಿಟ್ಟರೆ ಮಗು ತನಗೆ ಬೇಕಾದಷ್ಟನ್ನು ಅದರ ಮರೆಯಲ್ಲಿ ಹೇಳಿಕೊಳ್ಳುತ್ತದೆ. ಹೇಳದೆಯೂ ಇರಬಹುದು, ಅದು ಅದರ ಹಕ್ಕು.

ಆ ಏಳು ವಾಕ್ಯಗಳನ್ನು ನೀವು ಬೋರ್ಡಿನ ಮೇಲೆ ಬರೆದುಕೊಳ್ಳಬಹುದು, ನಮ್ಮ ಅನುಮತಿ ಬೇಕಿಲ್ಲ. ಕತೆಗೆ ಹೆಸರಿಟ್ಟಿಲ್ಲ. ಪ್ರಶ್ನೆ ಕೇಳಿದ ಆ ಹುಡುಗಿಯ ಕೈಯಲ್ಲೇ ಇಡಿಸಿ, ಅವಳು ಏನಿಟ್ಟಳು, ಯಾವ ಸಾಲು ನೋಡಿ ಇಟ್ಟಳು ಎಂದು ಬರೆದು ತಿಳಿಸಿ.

ಸಂಪಾದಕ